ಯಜಮಾನರು ಬೆಟ್ಟ ಹತ್ತಲು ಹೋದಾಗ

ಯಜಮಾನರು ಊರಲ್ಲಿಲ್ಲದ ದಿನ ನಮ್ಮ ಎಷ್ಟೋ ಕಚೇರಿ, ಕಾರ್ಖಾನೆಗಳಲ್ಲಿ ಕೆಲಸ ಅರ್ಧಕ್ಕೆ ನಿಲ್ಲುತ್ತದೆ. ಏನು ಕೇಳಿದರೂ 'ಸಾಹೇಬರು ಬರಲಿ' ಎಂಬ ಒಂದೇ ಉತ್ತರ. ಅದಕ್ಕೇ ಇವಾನ್ ಶುಯ್ನಾರ್ಡ್ ಅವರ ತಿರುಗಾಟದ ಕಥೆ ನನಗೆ ಅಷ್ಟು ಇಷ್ಟ.

1957ರಲ್ಲಿ ಗುಜರಿಯಿಂದ ಹಳೆಯ ಕುಲುಮೆ ತಂದು, ಬಂಡೆಯ ಬಿರುಕಿಗೆ ಬಡಿಯುವ ಉಕ್ಕಿನ ಮೊಳೆಗಳನ್ನು ತಾವೇ ತಟ್ಟಿ ಮಾರಲು ಶುರು ಮಾಡಿದ ಅಮೆರಿಕದ ಪರ್ವತಾರೋಹಿ ಇವರು. 1968ರಲ್ಲಿ ಗೆಳೆಯರೊಂದಿಗೆ ಕ್ಯಾಲಿಫೋರ್ನಿಯಾದಿಂದ ವ್ಯಾನಿನಲ್ಲಿ ಹೊರಟು, ಅರ್ಜೆಂಟೀನಾದ ಫಿಟ್ಜ್ ರಾಯ್ ಶಿಖರದ ಬುಡಕ್ಕೆ ಬಂದರು. ಬಿರುಗಾಳಿ ಬಿಡಲಿಲ್ಲ. ಹಿಮ ಕೊರೆದು ಮಾಡಿದ ಗುಹೆಗಳಲ್ಲೇ 31 ದಿನ ಕಳೆದು, ಕೊನೆಗೆ ತಂಡದ ಐವರೂ ತುದಿ ಮುಟ್ಟಿದರು. 1973ರಲ್ಲಿ ಬಟ್ಟೆಯ ಕಂಪನಿ ಕಟ್ಟಿದಾಗ ಆ ಸೀಮೆಯ ಹೆಸರನ್ನೇ ಇಟ್ಟರು: ಪ್ಯಾಟಗೋನಿಯಾ.

ಕಂಪನಿ ಬೆಳೆದ ಮೇಲೂ ತಿಂಗಳುಗಟ್ಟಲೆ ಬೆಟ್ಟ, ನದಿ, ಕಡಲು ಎಂದು ಹೋಗುವುದನ್ನು ಅವರು ಬಿಡಲಿಲ್ಲ. ನಡೆಸುವ ಹೊಣೆಯನ್ನು ಕ್ರಿಸ್ಟೀನ್ ಮೆಕ್‌ಡಿವಿಟ್ ಎಂಬ ಯುವತಿಗೆ ಒಪ್ಪಿಸಿದರು. ವ್ಯಾಪಾರದ ಅನುಭವ ಆಕೆಗಿರಲಿಲ್ಲ. ಆಕೆ ಬ್ಯಾಂಕುಗಳ ಮುಖ್ಯಸ್ಥರಿಗೆ ಫೋನ್ ಮಾಡಿ, ನನಗೆ ಇದು ಗೊತ್ತಿಲ್ಲ, ಹೇಳಿಕೊಡಿ ಎಂದು ಕೇಳಿದರು, ಅವರು ಹೇಳಿಕೊಟ್ಟರು. ಯಜಮಾನರು ಪಕ್ಕದ ಕೋಣೆಯಲ್ಲೇ ಕೂತಿದ್ದರೆ ಆ ಫೋನ್ ಕರೆಗಳು ಹೋಗುತ್ತಲೇ ಇರಲಿಲ್ಲ.

ಹಗ್ಗ ಕಟ್ಟಿಕೊಂಡು ಬಂಡೆ ಏರುವವರಲ್ಲಿ ಒಂದು ಪದ್ಧತಿಯಿದೆ. ಹೊರಡುವ ಮುನ್ನ ಒಬ್ಬರ ಗಂಟನ್ನು ಇನ್ನೊಬ್ಬರು ಮುಟ್ಟಿ ನೋಡುತ್ತಾರೆ. ಆಮೇಲೆ ಮೇಲಿನವನ ಗಮನವೆಲ್ಲ ಬಂಡೆಯ ಮೇಲೆ. ಹಗ್ಗ ಹಿಡಿಯುವುದು ಹೇಗೆಂದು ಕೆಳಗಿನವನಿಗೆ ಹೆಜ್ಜೆಹೆಜ್ಜೆಗೂ ಪಾಠ ಹೇಳುವುದಿಲ್ಲ. ಕುದುರೆಮುಖದ ಹುಲ್ಲುಗಾವಲಿನಲ್ಲಿ ಒಮ್ಮೆ ಇದಕ್ಕೆ ತದ್ವಿರುದ್ಧವಾದ ಉದ್ಯಮಿಯೊಬ್ಬರನ್ನು ಕಂಡೆ. ಕಾಲಡಿ ಮೋಡ, ಕಣಿವೆಯಲ್ಲಿ ಶೋಲಾ ಕಾಡು. ಅವರು ಬಂಡೆಯ ಮೇಲೆ ನಿಂತು ಮೊಬೈಲ್ ಎತ್ತಿ ಹಿಡಿದು ಸಿಗ್ನಲ್ ಹುಡುಕುತ್ತಿದ್ದರು. ಸಿಕ್ಕೊಡನೆ ಕೂಗಿ ಹೇಳಿದರು: "ನಾನು ಹೇಳೋವರೆಗೂ ಲೋಡ್ ಬಿಡಬೇಡಿ." ಗೋದಾಮಿನಲ್ಲಿ ದುಡಿಯುವವರಿಗೆ ಯಾವ ಲೋಡ್ ಯಾವಾಗ ಹೋಗಬೇಕೆಂದು ಚೆನ್ನಾಗಿ ಗೊತ್ತಿರುತ್ತದೆ. ಇಲ್ಲದಿರುವುದು ತೀರ್ಮಾನಿಸುವ ಅಧಿಕಾರ.

ಹಾಗೆಂದು ಕೈಬಿಟ್ಟು ಹೋಗುವುದೇ ನಂಬಿಕೆಯಲ್ಲ. 1991ರ ಆರ್ಥಿಕ ಹಿಂಜರಿತದಲ್ಲಿ ಪ್ಯಾಟಗೋನಿಯಾ ಕಂಪನಿ 120 ಜನರನ್ನು, ಅಂದರೆ ಐದರಲ್ಲಿ ಒಬ್ಬರನ್ನು, ಕೆಲಸದಿಂದ ತೆಗೆಯಬೇಕಾಯಿತು. ಆ ಬಿಕ್ಕಟ್ಟಿನ ಕಾಲದಲ್ಲಿ ಶುಯ್ನಾರ್ಡ್ ಮತ್ತೆ ಅದೇ ಗಾಳಿಯ ಬೆಟ್ಟಗಳಿಗೆ ಹೋದರು, ಈ ಸಲ ಸುಮಾರು ಹನ್ನೆರಡು ಹಿರಿಯ ಮ್ಯಾನೇಜರುಗಳನ್ನು ಕರೆದುಕೊಂಡು. ನಾವು ಈ ವ್ಯಾಪಾರ ಮಾಡುವುದು ಏತಕ್ಕೆ ಎಂದು ಜೊತೆಗೆ ನಡೆಯುತ್ತಾ ಮಾತಾಡಿದರು. ಉಳಿದ ನೌಕರರಿಗೂ ಯೊಸೆಮಿಟಿ ಕಣಿವೆಯಂಥ ಕಡೆ ಶಿಬಿರ ನಡೆಸಿ ಅದನ್ನೇ ತಿಳಿಸಿದರು.

ಆ ಎರಡನೆಯ ಪ್ರಯಾಣವೇ ನನಗೆ ದೊಡ್ಡದಾಗಿ ಕಾಣುತ್ತದೆ. ಒಡೆಯನ ಮನಸ್ಸಿನಲ್ಲಿರುವ ದಾರಿ ಕೆಲಸಗಾರರಿಗೂ ಗೊತ್ತಿದ್ದರೆ ಅವರು ಅಪ್ಪಣೆಗೆ ಕಾಯಬೇಕಿಲ್ಲ. ಪ್ರಯಾಣಕ್ಕೆ ಹೊರಡುವ ಪ್ರತಿಯೊಬ್ಬ ಯಜಮಾನರೂ ತಮ್ಮವರನ್ನು ಕೂರಿಸಿಕೊಂಡು, ಯಾವ ಯಾವ ತೀರ್ಮಾನ ನನ್ನನ್ನು ಕೇಳದೆ ನೀವೇ ಮಾಡಬಹುದು ಎಂದು ಬಾಯಿಬಿಟ್ಟು ಹೇಳಲಿ. ಹೇಳಿದ ಮೇಲೆ, ಆ ತೀರ್ಮಾನ ತಮಗೆ ಹಿಡಿಸದಿದ್ದರೂ ಅವರ ಬೆನ್ನಿಗೆ ನಿಲ್ಲಲಿ.