ಚೌಕಟ್ಟಿಗೊಂದು ಹೆಸರು

ಕೂಸಿಗೆ ಹೆಸರಿಡಲು ತೊಟ್ಟಿಲೊಂದು, ಸೋದರತ್ತೆಯೊಬ್ಬಳು ಇದ್ದರೆ ಸಾಕು. ನಾವು ಕೈಯಾರೆ ಮಾಡಿದ ಏರಿಯಲ್ಲಿಗೆ ಹೆಸರಿಡುವುದು ಅಷ್ಟು ಸುಲಭವಾಗಲಿಲ್ಲ.

1984ರ ಮಾತು. ಪುಣೆಯ ನಮ್ಮ ಎರಡು ಕೋಣೆಯ ಮನೆಯಲ್ಲಿ ಅವ್ವನಿಗೆ ಒಂದೇ ಕೊರತೆ: ಧಾರವಾಡ ಆಕಾಶವಾಣಿ ಸರಿಯಾಗಿ ಕೇಳಿಸದು. ಒಂದು ಸಂಜೆ ಆಕೆ ಟ್ರಾನ್ಸಿಸ್ಟರನ್ನು ಮಣೆಯ ಮೇಲಿಟ್ಟು ಮೆಲ್ಲಗೆ ತಿರುಗಿಸಿ, “ತಮ್ಮಾ, ಹೀಂಗ ತಿರುವಿದರ ದನಿ ಸ್ವಚ್ಛ ಬರತದ ನೋಡೋ” ಎಂದಳು. ನಮಗೆ ದಾರಿ ಸಿಕ್ಕಿತು. ಸುಮಾರು ಒಂದು ಮೀಟರಿನ ಮರದ ಚೌಕಟ್ಟು, ಅದಕ್ಕೆ ಎಂಟು ಸುತ್ತು ತಾಮ್ರದ ತಂತಿ, ಹಳೆಯ ರೇಡಿಯೊದಿಂದ ಕಳಚಿದ ಗ್ಯಾಂಗ್ ಕಂಡೆನ್ಸರು. ಚೌಕಟ್ಟಿನ ಅಂಚನ್ನು ಧಾರವಾಡದ ದಿಕ್ಕಿಗೆ ತಿರುಗಿಸಿ, ಟ್ರಾನ್ಸಿಸ್ಟರನ್ನು ಪಕ್ಕದಲ್ಲಿಟ್ಟು ಕಂಡೆನ್ಸರನ್ನು ಹೊಂದಿಸಿದರೆ ಸಾಕು. ನಡುವೆ ತಂತಿಯ ಸಂಬಂಧವೂ ಬೇಡ. ಊರಿನ ದನಿ ಮನೆ ತುಂಬಿತು.

ಟ್ರಾನ್ಸಿಸ್ಟರಿನ ಮೇಲಿದ್ದ ಕಂಪನಿಯ ಹೆಸರನ್ನೇ ಚೌಕಟ್ಟಿಗೂ ಇಟ್ಟು ಕರೆದೆವು. ನಾಲ್ಕಾರು ಕನ್ನಡ ಬಂಧುಗಳು ತಮಗೂ ಬೇಕೆಂದಾಗ, ದುಡ್ಡು ಪಡೆದು ಮಾಡಿಕೊಡಲು ಹೊರಟೆವು. ಬಣ್ಣದಲ್ಲಿ ಹೆಸರು ಬರೆದೂ ಆಯಿತು. ನೆರೆಮನೆಯ ವಕೀಲರು ಕಂಡವರೇ ತಡೆದರು: “ಮನೆಯೊಳಗೆ ಏನೆಂದಾದರೂ ಕರೆಯಿರಿ. ಮಾರುವ ಸಾಮಾನಿನ ಮೇಲೆ ಬೇರೆಯವರ ಹೆಸರಿದ್ದರೆ, ಕೊಂಡವರು ಅವರದೇ ಮಾಲೆಂದು ನಂಬುತ್ತಾರೆ. ಟ್ರೇಡ್‌ಮಾರ್ಕ್ ಕಾಯಿದೆ ತಡೆಯುವುದು ಇದನ್ನೇ.” ಆಗ ಇದ್ದದ್ದು 1958ರ ಕಾಯಿದೆ, ಈಗ 1999ರದು. ತತ್ವ ಮಾತ್ರ ಬದಲಾಗಿಲ್ಲ. ನಾವು ಬಣ್ಣ ಕೆರೆದೆವು.

“ಹಾಗಾದರೆ ನಮ್ಮ ಹೆಸರೇ ಇರಲಿ” ಎಂದೆವು. ಯಾರ ಹೆಸರು? ತಂತಿ ಸುತ್ತಿದವನೊಬ್ಬ, ಮರ ಕೊಯ್ದವನೊಬ್ಬ, ಜಗಳಕ್ಕೇ ಬಂತು. ಆಗ ಮಾಳಿಗೆಯ ಮೇಲಿನ, ಮೀನಿನ ಎಲುಬಿನಂಥ ಟಿ.ವಿ. ಏರಿಯಲ್ ಕಣ್ಣಿಗೆ ಬಿತ್ತು. 1926ರಲ್ಲಿ ಜಪಾನಿನಲ್ಲಿ ಅದು ರೂಪುಗೊಂಡಾಗ ಪ್ರಯೋಗದ ದುಡಿಮೆಯಲ್ಲಿ ಹೆಚ್ಚಿನದು ಶಿಂಟಾರೊ ಉಡಾ ಅವರದು. 1928ರಲ್ಲಿ ಅದರ ವಿಷಯ ಇಂಗ್ಲಿಷಿನಲ್ಲಿ ಬರೆದವರು ಅವರ ಹಿರಿಯರಾದ ಯಾಗಿ. ಬಹುಕಾಲ ಲೋಕ ‘ಯಾಗಿ’ ಎಂದಷ್ಟೇ ಕರೆಯಿತು. ಕಾಯಿದೆ ತಪ್ಪದೆಯೂ ಹೆಸರು ತಪ್ಪಬಹುದಲ್ಲವೆ!

ನಮಗೆ ನಾಚಿಕೆಯಾಯಿತು. ಮೊದಲು ದಿಕ್ಕು ಹಿಡಿದವಳು ಯಾರು? ಕೆರೆದ ಜಾಗದಲ್ಲೇ ‘ಅವ್ವನ ಚೌಕಟ್ಟು’ ಎಂದು ಬರೆದೆವು.

“ನಾ ಏನ್ ಮಾಡೇನಿ? ಬರೇ ತಿರುವಿದೆ” ಎಂದು ಅವ್ವ ನಕ್ಕಳು.

ಅವ್ವ ಈಗಿಲ್ಲ. ಚೌಕಟ್ಟು ಅಟ್ಟದ ಮೇಲಿದೆ, ಹೆಸರು ಮಾಸಿಲ್ಲ.