ಅಪ್ಪನ ಯೆಜ್ಡಿ, ನನ್ನ ನೆಗ್ಗು

ಮೈಸೂರಿನ ನಮ್ಮ ಮನೆ ಹಿತ್ತಲಲ್ಲಿ ಅಪ್ಪನ 1986ರ ಯೆಜ್ಡಿ ಹದಿಮೂರು ವರ್ಷ ಟಾರ್ಪಾಲು ಹೊದ್ದು ನಿಂತಿತ್ತು. ಅಮ್ಮ ಅದರ ಮೇಲೆ ಸಂಡಿಗೆ ಒಣಗಿಸಿದ್ದೂ ಉಂಟು. ಗುಜರಿಯವನು ಹನ್ನೆರಡು ಸಾವಿರಕ್ಕೆ ಕೇಳಿದಾಗ ಅಪ್ಪ "ಕೊಟ್ಬಿಡೋಣ" ಅಂದ್ರು. ವೀಕೆಂಡಿಗೆ ಬೆಂಗಳೂರಿಂದ ಬಂದಿದ್ದ ನಾನು "ಬೇಡಪ್ಪ, ರೆಡಿ ಮಾಡಿಸ್ತೀನಿ" ಅಂದೆ.

"ದುಡ್ಡು ಜಾಸ್ತಿ ಆಗಿದ್ಯಾ ನಿಂಗೆ?" ಅಂದ್ರೂ ಆರ್‌ಸಿ ಹುಡುಕಿಕೊಟ್ಟರು.

ಮೈಸೂರಿನವರಿಗೆ ಯೆಜ್ಡಿ ಅಂದ್ರೆ ಮನೆ ಮಗ ಇದ್ದ ಹಾಗೆ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಲ್ಲಿ ಜಾವಾ ಬೈಕುಗಳ ತಯಾರಿ ಶುರುವಾಯ್ತು. 1973ರಲ್ಲಿ ಯೆಜ್ಡಿ ಅನ್ನೋ ಹೆಸರು ಬಂತು. 1996ರಲ್ಲಿ ಕಾರ್ಖಾನೆಗೆ ಬೀಗ ಬಿತ್ತು. ಈಗ ಎರಡೂ ಹೆಸರಲ್ಲಿ ಹೊಸ ಬೈಕುಗಳು ಬಂದಿವೆ, ಆದರೆ ಹಳೇ ಟೂ ಸ್ಟ್ರೋಕ್ ಗಾಡಿಗೆ ಇವತ್ತಿಗೂ ಗಲ್ಲಿ ಮೆಕ್ಯಾನಿಕ್ಕೇ ಗತಿ.

ನಾನು ಹೋದ ಗ್ಯಾರೇಜು ಒಂದು ಸಂಸಾರದ್ದು. ಇಂಜಿನ್ ಕೆಲಸ ಯಜಮಾನರದ್ದು, ಟ್ಯಾಂಕು, ಮಡ್‌ಗಾರ್ಡು, ಪೇಂಟು ಮಗನದ್ದು. ಬಿಚ್ಚಿದ ನಟ್ಟು ಬೋಲ್ಟುಗಳನ್ನ ಗಾಡಿ ನಂಬರ್ ಬರೆದ ಬಿಸ್ಕತ್ ಡಬ್ಬಗಳಲ್ಲಿ ಎತ್ತಿಡೋದು, ಬಿಲ್ಲು ಬರೆಯೋದು ಯಜಮಾನರ ಹೆಂಡತಿ. "ಒಂದು ಗಾಡಿ ನಟ್ಟು ಇನ್ನೊಂದಕ್ಕೆ ಹೋದ್ರೆ ಇವರಿಗೆ ರಾತ್ರಿ ನಿದ್ದೆ ಬರಲ್ಲ" ಅಂತ ನಕ್ಕರು.

"ಹೊಸದರ ಥರ ಮಾಡಿಕೊಡಿ" ಅಂದೆ. ಯಜಮಾನರು ಗಾಡಿ ಸುತ್ತ ಒಂದು ಸುತ್ತು ಬಂದು, "ಮೊದ್ಲು ಗಾಡಿ ಥರ ಆಗ್ಲಿ ಸಾರ್" ಅಂದ್ರು.

ಆಮೇಲೆ ಮೂರು ತಿಂಗಳು ಎರಡು ವಾರಕ್ಕೊಮ್ಮೆ ಅಲ್ಲಿಗೆ ಹೋಗೋದೇ ನನ್ನ ವೀಕೆಂಡ್ ಪ್ಲಾನ್. ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಂಡಿತ್ತು. ಬೋರ್ ಮಾಡಿಸಿ ಒಂದು ಸೈಜ್ ದೊಡ್ಡ ಪಿಸ್ಟನ್ ಹಾಕಿದ್ರು. ಕ್ರ್ಯಾಂಕಿನ ಎರಡು ಕಡೆಯ ಆಯಿಲ್ ಸೀಲುಗಳು ಒಣಗಿ ಕಲ್ಲಾಗಿದ್ದವು. ಟೂ ಸ್ಟ್ರೋಕಿನಲ್ಲಿ ಪೆಟ್ರೋಲು, ಗಾಳಿ ಮೊದಲು ಕ್ರ್ಯಾಂಕಿನ ಮನೆಗೇ ಬರೋದು. ಸೀಲು ಬಿಟ್ಟಿದ್ರೆ ಬೇಡದ ಗಾಳಿ ಒಳಗೆ ಎಳ್ಕೊಂಡು ಇಂಜಿನ್ ಕಾಯುತ್ತೆ, ಕೊನೆಗೆ ಹಿಡ್ಕೊಳ್ಳುತ್ತೆ. "ಐವತ್ತು ರೂಪಾಯಿ ಸೀಲಿಗೆ ಜಿಪುಣತನ ಮಾಡಿ ಇಂಜಿನ್ನೇ ಕಳ್ಕೊಂಡವ್ರನ್ನ ನೋಡಿದೀನಿ" ಅಂದ್ರು ಯಜಮಾನರು. ಸೈಲೆನ್ಸರ್‌ಗಳನ್ನ ಬಿಚ್ಚಿ ಒಳಗಿನ ಕರಿ ತೆಗೆದದ್ದಕ್ಕೇ ಒಂದಿಡೀ ದಿನ ಹಿಡೀತು.

ಒಂದು ಶನಿವಾರ ಟ್ಯಾಂಕಿನ ಸರದಿ ಬಂತು. ಬಲಗಡೆ ಅಂಗೈ ಅಗಲದ ನೆಗ್ಗು. ಮಗ ಅದರ ಮೇಲೆ ಬೆರಳಾಡಿಸಿ, "ಇದು ರೋಡಲ್ಲಿ ಬಿದ್ದಿದ್ದಲ್ಲ ಸಾರ್" ಅಂದ. "ರೋಡಲ್ಲಾದ್ರೆ ಉಜ್ಜಿದ ಗೀರು ಇರುತ್ತೆ, ಫುಟ್‌ರೆಸ್ಟ್ ಬೆಂಡಾಗಿರುತ್ತೆ. ಇದು ನಿಂತಲ್ಲೇ ಬಿದ್ದು ಕಲ್ಲಿಗೆ ಬಡಿದಿದೆ. ಯಾರೋ ಹುಡುಗ್ರು ಹತ್ತಿರ್ತಾರೆ."

ನಮ್ಮ ಕೆಲಸದಲ್ಲಿ ಕೋಡಿನ ಯಾವ ಸಾಲನ್ನ ಯಾರು ಬರೆದ್ರು ಅಂತ ನೋಡೋಕೆ 'ಗಿಟ್ ಬ್ಲೇಮ್' ಅಂತ ಒಂದು ಕಮಾಂಡ್ ಇದೆ. ಆ ಹುಡುಗ ಬೆರಳ ತುದೀಲೇ ಅದನ್ನ ಮಾಡಿಬಿಟ್ಟಿದ್ದ. ಹೆಸರೊಂದು ಹೇಳಿರಲಿಲ್ಲ ಅಷ್ಟೆ.

ಹೆಸರು ನನ್ನದು.

ಯೆಜ್ಡಿಯಲ್ಲಿ ಗೇರಿಗೂ ಕಿಕ್ಕಿಗೂ ಒಂದೇ ಲಿವರ್. ಒಳಗೆ ಒತ್ತಿ ಹಿಂದಕ್ಕೆ ತಿರುಗಿಸಿದ್ರೆ ಗೇರ್ ಹೋಗಿ ಕಿಕ್ಕರ್ ಆಗುತ್ತೆ. ಅಪ್ಪ ದಿನಾ ಬೆಳಿಗ್ಗೆ ಮಾಡ್ತಿದ್ದ ಆ ಮ್ಯಾಜಿಕ್ ಮಾಡಬೇಕು ಅಂತ ಒಂಬತ್ತನೇ ವಯಸ್ಸಲ್ಲಿ ನನಗೆ ಆಸೆ. ಅಪ್ಪ ಮಲಗಿದ್ದ ಮಧ್ಯಾಹ್ನ ಲಿವರ್ ತಿರುಗಿಸಿ ಮೈಭಾರವೆಲ್ಲ ಹಾಕಿ ನಿಂತೆ. ಗಾಡಿ ಸ್ಟ್ಯಾಂಡಿಂದ ಜಾರಿತು. ನನ್ನ ಮೇಲೆ ಬರುತ್ತೆ ಅಂತ ಹೆದರಿ ಆ ಕಡೆ ತಳ್ಳಿಬಿಟ್ಟೆ. ಆ ಕಡೆ ಬಟ್ಟೆ ಒಗೆಯೋ ಕಲ್ಲಿತ್ತು.

ಅಪ್ಪ ಎದ್ದು ಬಂದು ಕೇಳಿದಾಗ, ಹಿಂದಿನ ಬಾಡಿಗೆ ಮನೆ ಹುಡುಗನ ಹೆಸರು ಹೇಳಿದೆ. ಅಪ್ಪ ಅವನನ್ನ ಅವರಮ್ಮನ ಎದುರೇ ಬೈದ್ರು. ಅವನು ಅಳುತ್ತಾ "ನಾನಲ್ಲ ಅಂಕಲ್" ಅಂತಿದ್ದ. ನಾನು ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡೆ. ಮುಂದಿನ ವರ್ಷ ಅವರು ಮನೆ ಖಾಲಿ ಮಾಡಿದ್ರು. ಅದಕ್ಕೂ ಇದಕ್ಕೂ ಸಂಬಂಧ ಇರಲಿಲ್ಲ ಅಂತ ನನಗೆ ನಾನೇ ಎಷ್ಟೋ ಸಲ ಹೇಳ್ಕೊಂಡಿದ್ದೇನೆ.

ಅವತ್ತು ರಾತ್ರಿ ಊಟಕ್ಕೆ ಕೂತಾಗ ಅಪ್ಪನಿಗೆ ಹೇಳಿದೆ. "ನಂಗೆ ಅವತ್ತೇ ಗೊತ್ತಿತ್ತು ಬಿಡೋ" ಅಂತಾರೇನೋ ಅನ್ನೋ ಆಸೆ ಇತ್ತು. ಅವರಿಗೆ ಗೊತ್ತಿರಲಿಲ್ಲ. ಅನ್ನ ಕಲಸ್ತಿದ್ದ ಕೈ ನಿಂತಿತು.

"ಆ ಮಗೂಗೆ ಎಷ್ಟು ಬೈದ್ನಲ್ಲೋ ನಾನು" ಅಂದ್ರು. ಮಜ್ಜಿಗೆ ಅನ್ನಕ್ಕೆ ಕಾಯದೆ ಎದ್ದರು.

ಬೆಳಿಗ್ಗೆ ನಾನು "ಆ ನೆಗ್ಗನ್ನ ಹಾಗೇ ಬಿಡಿಸ್ಲಾ ಅಪ್ಪ, ನೆನಪಿಗೆ?" ಅಂದೆ.

"ನೆನಪಿಗೆ ಟ್ಯಾಂಕ್ ಯಾಕೆ ಬೇಕು? ತೆಗೆಸು. ಆ ಹುಡುಗನ ನಂಬರ್ ಹುಡುಕು."

ನೆಗ್ಗು ತೆಗೆಯೋದು ಸುಲಭ ಇತ್ತು. ನಂಬರಿಗೆ ಹನ್ನೊಂದು ದಿನ ಬೇಕಾಯ್ತು. ಸಿಕ್ಕಮೇಲೂ ನಾಲ್ಕು ದಿನ ನಾನು ಫೋನ್ ಮಾಡಲಿಲ್ಲ. ಕೊನೆಗೂ ಮಾಡಿದಾಗ ಎಲ್ಲಾ ಕೇಳಿಸಿಕೊಂಡು ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ಬೈದಿದ್ದು ಅಷ್ಟು ನೆನಪಿಲ್ಲ ಕಣೋ. ಅದಾದ್ಮೇಲೆ ಅಂಕಲ್ ನನ್ನ ಟ್ಯಾಂಕ್ ಮೇಲೆ ಕೂರಿಸಿಕೊಂಡು ರೌಂಡ್ ಹೋಗ್ಲೇ ಇಲ್ಲ, ಅದು ನೆನಪಿದೆ" ಅಂದ.

ಕಳೆದ ತಿಂಗಳು ಗಾಡಿ ಮನೆಗೆ ಬಂತು. ಲೀಟರ್ ಪೆಟ್ರೋಲಿಗೆ 40 ಎಂಎಲ್ ಆಯಿಲ್ ಅಳತೆ ಮಾಡಿಯೇ ಹಾಕಬೇಕು ಅಂತ ಯಜಮಾನರು ಮೂರು ಸಲ ಹೇಳಿ ಕಳಿಸಿದ್ರು. ಅಪ್ಪನಿಗೆ ಮಂಡಿನೋವು, ಕಿಕ್ ಹೊಡೆಯೋಕೆ ಆಗಲ್ಲ. ಲಿವರ್ ಒಳಗೆ ಒತ್ತಿ, ಹಿಂದಕ್ಕೆ ತಿರುಗಿಸಿ ನಾನೇ ಹೊಡೆದೆ. ನಾಲ್ಕನೇ ಕಿಕ್ಕಿಗೆ ಆ ಹಳೇ ಶಬ್ದ ಬಂತು, ಹಿತ್ತಲ ತುಂಬ ನೀಲಿ ಹೊಗೆ. ಅಮ್ಮ ಬಟ್ಟೆ ಎತ್ತಿಕೊಳ್ಳೋಕೆ ಓಡಿದ್ರು.

"ಹತ್ತಿ ಅಪ್ಪ" ಅಂದೆ.

"ತಡಿ, ಅವನು ಭಾನುವಾರ ಬರ್ತಾನಂತಲ್ಲ" ಅಂದ್ರು. "ಮೊದಲ ರೌಂಡ್ ಅವನದು."