ಹಾಡುವ ಹಾಳೆ

ನೀಲಗಿರಿಯ ವೆಲ್ಲಿಂಗ್ಟನ್ನಿನಲ್ಲಿ ಸದ್ದಿಗೂ ವೇಳಾಪಟ್ಟಿಯಿದೆ. ಜಗತಳ ಎಂಬ ಬಡಗರ ಹಟ್ಟಿಯ ಮಗ್ಗುಲಲ್ಲಿ ಬ್ರಿಟಿಷರು ಎಬ್ಬಿಸಿದ ದಂಡಿನ ಊರಲ್ಲವೇ? ಬೆಳಿಗ್ಗೆ ಮದ್ರಾಸ್ ರೆಜಿಮೆಂಟಿನವರ ಬ್ಯೂಗಲ್, ಆಮೇಲೆ ಊಟಿ ರೈಲಿನ ಕೂಗು, ಸಂಜೆ ನಮ್ಮ ಸೋದರಮಾವನ ಮನೆಯಿಂದ ದೊರೆಸ್ವಾಮಿ ಅಯ್ಯಂಗಾರರ ವೀಣೆ. ಮಾವ ನಿವೃತ್ತ ಕರ್ನಲ್. ಅವರ ಸ್ಪೀಕರುಗಳು ಆರಡಿ ಎತ್ತರ, ಎರಡಂಗುಲ ದಪ್ಪ. ಬಟ್ಟೆ ಬದಲಿಸುವ ಮರೆಯಿರಬೇಕೆಂದು ಅಡುಗೆಯವನು ಒಮ್ಮೆ ಒದ್ದೆ ಟವೆಲ್ ಹರವಿದ್ದ. ಅಂದು ಕೋರ್ಟ್ ಮಾರ್ಷಲ್ ಒಂದೇ ಬಾಕಿ.

"ಇದು ರಿಬ್ಬನ್ನೋ, ಪ್ಲೇನಾರೋ ಮಾವ?" ಎಂದರೆ, "ಕರೆಂಟ್ ಎಲ್ಲಿ ಹರಿಯುತ್ತೆ ಅಂತ ಕೇಳೋ" ಎನ್ನುತ್ತಾರೆ. ನಿಜ, ಈ ಎರಡು ಬಗೆಯ ಸ್ಪೀಕರುಗಳ ಕೀಲಿ ಇರುವುದು ಅಲ್ಲೇ. ರಿಬ್ಬನ್ನಿನಲ್ಲಿ ಕೂದಲಿಗಿಂತ ತೆಳ್ಳಗಿನ ಅಲ್ಯೂಮಿನಿಯಂ ಹಾಳೆ ಸೀರೆಯ ನೆರಿಗೆಯಂತೆ ಮಡಿಕೆಯಾಗಿ, ಎರಡು ಅಯಸ್ಕಾಂತಗಳ ನಡುವಿನ ಸಂದಿಯಲ್ಲಿ ನೇತಾಡುತ್ತದೆ. ಕರೆಂಟು ಹರಿಯುವುದೂ ಅದರಲ್ಲೇ, ಗಾಳಿಯನ್ನು ತಳ್ಳುವುದೂ ಅದೇ. ತೂಕವೇ ಇಲ್ಲದ್ದರಿಂದ ತಂತಿಯ ಮೀಟಿನ ಮೊನೆ ಹಾಗೇ ಕೇಳುತ್ತದೆ. ಆದರೆ ಅದರ ರೋಧ ಒಂದು ಓಮ್ ಕೂಡ ಇಲ್ಲ. ಆಂಪ್ಲಿಫೈಯರಿಗೆ ಅದು ಶಾರ್ಟ್ ಸರ್ಕ್ಯೂಟ್ ಇದ್ದ ಹಾಗೆ. ಅದಕ್ಕೇ ಸಾಮಾನ್ಯವಾಗಿ ನಡುವೆ ಒಂದು ಟ್ರಾನ್ಸ್‌ಫಾರ್ಮರ್ ಬೇಕು. 1980ರ ದಶಕದಲ್ಲಿ ಅಮೆರಿಕದ ಅಪೋಜಿ ಕಂಪನಿಯ ಸಿಂಟಿಲ್ಲಾ 1 ಓಮಿನ ಭಾರ ಹೇರಿ ಎಷ್ಟೋ ಆಂಪ್ಲಿಫೈಯರುಗಳ ಬೆವರಿಳಿಸಿತು.

ಪ್ಲೇನಾರ್ ಅಷ್ಟು ನಾಜೂಕಿನದಲ್ಲ. ಚೌಕಟ್ಟಿಗೆ ಬಿಗಿದ ತೆಳು ಪ್ಲಾಸ್ಟಿಕ್ ಪೊರೆಯ ಮೇಲೆ ತಂತಿಯನ್ನು ಮೇಲಿಂದ ಕೆಳಕ್ಕೆ, ಕೆಳಗಿಂದ ಮೇಲಕ್ಕೆ ಅಂಟಿಸಿರುತ್ತಾರೆ. ಹಿಂದೆ ಅಯಸ್ಕಾಂತದ ಪಟ್ಟಿಗಳ ಸಾಲು. ತಂತಿ ಉದ್ದವಾದ್ದರಿಂದ ರೋಧ ಸುಮಾರು ನಾಲ್ಕು ಓಮಿಗೆ ಏರುತ್ತದೆ, ಟ್ರಾನ್ಸ್‌ಫಾರ್ಮರಿನ ಹಂಗಿಲ್ಲ. ಪೊರೆಯನ್ನು ಬಾಗಿಲಷ್ಟು ಅಗಲ ಮಾಡಬಹುದು, ಹಾಗಾಗಿ ಮಂದ್ರವೂ ಬರುತ್ತದೆ. ತುತ್ತತುದಿಯ ತಾರದಲ್ಲಿ ಮಾತ್ರ ಪೊರೆಯ ತೂಕ ಕಾಲೆಳೆಯುತ್ತದೆ. 1969ರಲ್ಲಿ ಜಿಮ್ ವೈನಿ ಮಿನೆಸೋಟದಲ್ಲಿ ಶುರುಮಾಡಿದ ಮ್ಯಾಗ್ನೆಪಾನ್ ಕಂಪನಿ, ದೊಡ್ಡ ಮಾದರಿಗಳಲ್ಲಿ ಎರಡನ್ನೂ ಸೇರಿಸಿತು: ಕೆಳಗಿನ ಸ್ವರಗಳಿಗೆ ಪ್ಲೇನಾರ್, ಪಕ್ಕದಲ್ಲೇ ತಾರಕ್ಕೊಂದು ಅಸಲಿ ರಿಬ್ಬನ್. ಮಾವನದು ಅದೇ. ಈ ಸಂಬಂಧ ನನಗೂ ಒಪ್ಪಿಗೆ.

ಅತ್ತೆಗೆ ಒಪ್ಪಿಗೆಯಿಲ್ಲ. ಬೀಸುಗಾಳಿ ನೇರ ಹೊಡೆದರೆ ರಿಬ್ಬನ್ ಜೋತೀತೆಂದು ಮಾವ ಕಿಟಕಿ ಮುಚ್ಚಿಸುತ್ತಾರೆ; ಮುಚ್ಚಿದರೆ ನೀಲಗಿರಿಯ ಮಂಜಿಗೆ ಗೋಡೆಯೆಲ್ಲ ಬೂಷ್ಟು. ಇನ್ನು, ಡಬ್ಬವಿಲ್ಲದ ಈ ಹಾಳೆಗಳು ಮುಂದಕ್ಕೂ ಹಿಂದಕ್ಕೂ ಹಾಡುವುದರಿಂದ ಗೋಡೆಯಿಂದ ಮೂರ್ನಾಲ್ಕು ಅಡಿ ಈಚೆ ನಿಲ್ಲಬೇಕು. ಹಾಗಾಗಿ ಸೋಫಾ ವರಾಂಡಕ್ಕೆ ವರ್ಗವಾಗಿದೆ.

ಇಷ್ಟಾದರೂ ಹಿಂದಿನ ಅಲೆ ಅಂಚು ಬಳಸಿ ಬಂದು ಮುಂದಿನದನ್ನು ಅಳಿಸುವುದರಿಂದ ಮೃದಂಗದ ತೊಪ್ಪಿಯ ಗುಂಕಾರ ಸೊರಗುತ್ತದೆ. ಅದಕ್ಕೆ ಮಾವ ಡಬ್ಬದ ಸಬ್‌ವೂಫರ್ ಒಂದನ್ನು ತಂದು ಪರದೆಯ ಹಿಂದೆ ಇಟ್ಟಿದ್ದಾರೆ. ಅತಿಥಿಗಳು "ಹಾಳೆಯಿಂದ ಇಷ್ಟು ಗುಂಕಾರವೇ!" ಎಂದು ಬೆರಗಾದಾಗ ಅತ್ತೆ ಪರದೆ ಸರಿಸಿ ತೋರಿಸುತ್ತಾರೆ.